ಸೊಸೆ ವಾಪಸ್ ಕೊಡದ ಚೀಟಿ

ನಾನು ಕೆಲಸ ಮಾಡಿದ್ದು ವಿದ್ಯುತ್ ಉಪಕೇಂದ್ರಗಳಲ್ಲಿ, ಪಾಳಿಯ ಆಪರೇಟರ್ ಆಗಿ. ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ, ಕೊನೆಗೆ ಹಗರಿಬೊಮ್ಮನಹಳ್ಳಿ. ಊರು ಬದಲಾದರೂ ಕೆಲಸದ ಕ್ರಮ ಬದಲಾಗಲಿಲ್ಲ. ಕಂಬ ಹತ್ತುವವನಿಗೆ ನಾವು ಒಂದು ಚೀಟಿ ಬರೆದು ಕೊಡುತ್ತಿದ್ದೆವು. ಅದಕ್ಕೆ ಲೈನ್ ಕ್ಲಿಯರ್ ಎಂದು ಹೆಸರು. ಆ ಚೀಟಿ ಅವನ ಜೇಬಿನಲ್ಲಿರುವವರೆಗೆ ಆ ಲೈನಿಗೆ ಕರೆಂಟ್ ಬಿಡುವಂತಿಲ್ಲ. ಮೇಲಧಿಕಾರಿ ಫೋನಿನಲ್ಲಿ ಕೂಗಾಡಿದರೂ ಇಲ್ಲ, ಊರವರು ಗೇಟಿನ ಮುಂದೆ ಬಂದು ಕೂತರೂ ಇಲ್ಲ. ಕಂಬದಿಂದ ಇಳಿದು ಬಂದು, ಅವನೇ ತನ್ನ ಕೈಯಾರೆ ವಾಪಸ್ ಕೊಡಬೇಕು.

ನಿವೃತ್ತನಾದ ಮೇಲೆ ಈ ಕ್ರಮವನ್ನು ಮನೆಗೂ ತಂದೆ. ಮಿಕ್ಸಿ ಬಿಚ್ಚಿದರೂ ಚೀಟಿ, ಪಂಪಿನ ಸ್ಟಾರ್ಟರ್ ಒರೆಸಿದರೂ ಚೀಟಿ. ಹೆಂಡತಿ ಈಗಲೂ ನಗುತ್ತಾಳೆ. ಸೊಸೆ ನಗಲಿಲ್ಲ, ಕಲಿತಳು.

ಸೊಸೆ ಮನೆಗಳ ನಕ್ಷೆ ಬರೆಯುತ್ತಾಳೆ. ನಮ್ಮ ಪಡಸಾಲೆಯೇ ಅವಳ ಆಫೀಸು. ಐದು ವರ್ಷಗಳಲ್ಲಿ ಅವಳು ಬರೆದ ಅಷ್ಟೂ ನಕ್ಷೆಗಳು ಒಂದೇ ಕಂಪ್ಯೂಟರಿನಲ್ಲಿದ್ದವು. ಅದರಲ್ಲಿ ಎರಡು ಡಿಸ್ಕ್ ಹಾಕಿಸಿದವನು ನಾನೇ. ದಿನಾ ಸಂಜೆ ಆರಕ್ಕೆ ಒಂದರಲ್ಲಿದ್ದದ್ದನ್ನು ಇನ್ನೊಂದಕ್ಕೆ ನಕಲು ಮಾಡಬೇಕೆಂದು ನಿಯಮ ಮಾಡಿದವನೂ ನಾನೇ. ಎರಡು ಬೀಗ ಹಾಕಿದಷ್ಟು ಭದ್ರ ಎಂದುಕೊಂಡಿದ್ದೆ. ಎರಡೂ ಡಿಸ್ಕುಗಳು ಒಂದೇ ಪೆಟ್ಟಿಗೆಯಲ್ಲಿ, ಒಂದೇ ಕೇಬಲ್ಲಿನಿಂದ ಕರೆಂಟ್ ಕುಡಿಯುತ್ತಿವೆ ಎಂಬುದು ನನಗೆ ಹೊಳೆದಿರಲಿಲ್ಲ.

ಈಗ ಗಿರಾಕಿಗಳಿಗೆ ಕಾಗದದ ನಕ್ಷೆ ಸಾಲದು. ಪರದೆಯ ಮೇಲೆ ಮನೆ ಎದ್ದು ನಿಲ್ಲಬೇಕು, ಅದರೊಳಗೆ ಓಡಾಡಬೇಕು. ಹಳೆಯ ಗ್ರಾಫಿಕ್ಸ್ ಕಾರ್ಡು ಬಾಗಿಲು ದಾಟುವಷ್ಟರಲ್ಲೇ ನಿಂತುಬಿಡುತ್ತಿತ್ತು. ಕೊಟ್ಟೂರಿನ ಅಂಗಡಿಯವರಿಗೆ ಫೋನ್ ಮಾಡಿದಾಗ ಅವರು ಹೇಳಿದರು: "ಹೊಸ ಕಾರ್ಡಿಗೆ ಎಂಟು ತೂತಿನ ಕನೆಕ್ಟರ್ ಎರಡು ಬೇಕ್ರಿ. ನಿಮ್ಮ ಹಳೇ ಪವರ್ ಸಪ್ಲೈನಾಗ ಆರು ತೂತಿಂದು ಒಂದ ಐತಿ. ಜೋಡಣಿ ತಂತಿ ಹಾಕಿ ಎಳಿಬ್ಯಾಡ್ರಿ, ಸುಡತೈತಿ. ಪವರ್ ಸಪ್ಲೈನೂ ಹೊಸಾದ ಹಾಕ್ರಿ. ಮತ್ತ ಪ್ರೊಸೆಸರಿಗೂ ಎಂಟು ತೂತಿಂದ ಇರತೈತಿ, ಅದನ್ನ ಕಾರ್ಡಿಗೆ ತುರುಕಬ್ಯಾಡ್ರಿ. ಅದು ನಾಕು ನಾಕು ಆಗಿ ಬಿಚ್ಚತೈತಿ. ಕಾರ್ಡಿಂದು ಆರು ಮತ್ತ ಎರಡು."

ಎಲ್ಲವನ್ನೂ ಬರೆದುಕೊಂಡೆ. ಮರುದಿನ ಬಸ್ಸಿನಲ್ಲಿ ಎರಡೂ ಬಂದವು, ಕಾರ್ಡೂ, ಕಂಪ್ಯೂಟರಿನ ಒಳಗೆಲ್ಲ ಕರೆಂಟ್ ಹಂಚುವ ಪವರ್ ಸಪ್ಲೈ ಡಬ್ಬವೂ. ಅದೇ ದಿನ ನಾಲ್ಕು ಗಂಟೆಗೆ ಇಟ್ಟಿಗಿ ಊರಿನಿಂದ ಒಂದು ಕುಟುಂಬ ತಮ್ಮ ಮನೆ ನೋಡಲು ಬರುವುದಿತ್ತು.

ಒಂದು ಗಂಟೆಗೆ ಶುರು ಮಾಡಿದೆವು. ನಾನು ಚೀಟಿ ಬರೆದು ಸೊಸೆಗೆ ಕೊಟ್ಟು, ಪ್ಲಗ್ ಕಿತ್ತು, ಸ್ವಿಚ್ಚಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಅವಳು ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಪೆಟ್ಟಿಗೆ ತೆರೆದಳು.

ಒಳಗೆ ನಾನೇ ಕಟ್ಟಿದ ಕೇಬಲ್ಲುಗಳು. ಐದು ವರ್ಷದ ಹಿಂದೆ ಒಂದೊಂದನ್ನೂ ದಾರದಿಂದ ಬಿಗಿದು, ತುದಿಗೆ ಹೆಸರಿನ ಚೀಟಿ ಅಂಟಿಸಿದ್ದೆ. ಒಂದು ಎಳೆಯೂ ಅಡ್ಡ ಬಂದಿರಲಿಲ್ಲ. ಹಳೆಯ ಪವರ್ ಸಪ್ಲೈಯಿಂದ ಆ ಕೇಬಲ್ಲುಗಳನ್ನು ಕಿತ್ತು, ಕಟ್ಟನ್ನು ಹಾಗೇ ಬಿಟ್ಟು ಡಬ್ಬ ಮಾತ್ರ ಹೊರತೆಗೆಯಬಹುದಿತ್ತು. ಹೊಸದರ ಬೆನ್ನಿನಲ್ಲೂ ಅಂಥದೇ ತೂತುಗಳ ಸಾಲು.

"ಕಟ್ಟು ಬಿಚ್ಚಬ್ಯಾಡ," ಎಂದೆ. "ಹೊಸ ಬಾಕ್ಸ್ ಕೂಡ್ಸು, ಇವ ಕೇಬಲ್ ಚುಚ್ಚು. ಕಾರ್ಡಿನ ಎರಡು ಮಾತ್ರ ಹೊಸಾವು ಹಾಕು."

ಡಿಸ್ಕಿನ ಕೇಬಲ್ಲು ಟಕ್ಕೆಂದು ಸರಿಯಾಗಿ ಕೂತಿತು. ನನಗೆ ಸಮಾಧಾನವಾಯಿತು. ಉಳಿದವೂ ಕೂತವು. ಕಾರ್ಡಿಗೆ ಆರು ಮತ್ತು ಎರಡನ್ನು ಕೂಡಿಸಿ ಒತ್ತಿದಳು. ಆಗ ಗಡಿಯಾರದಲ್ಲಿ ಎರಡೂವರೆ.

"ಆತು. ಚೀಟಿ ಕೊಡವ್ವ."

ಸೊಸೆ ಕೊಡಲಿಲ್ಲ. ಹೊಸ ಪವರ್ ಸಪ್ಲೈ ಜೊತೆ ಬಂದಿದ್ದ ಚೀಲವನ್ನು ಮಡಿಲಿಗೆ ಸುರುವಿಕೊಂಡು ನೋಡುತ್ತಿದ್ದಳು.

"ಮಾವಾರ, ಡಿಸ್ಕಿಗೂ ಬ್ಯಾರೆ ಕೇಬಲ್ ಕೊಟ್ಟಾರಲ್ರಿ. ಹಳೇವ ನಡಿತಿದ್ರ ಇವನ್ನ ಯಾಕ ಕೊಟ್ರು?"

"ಹೋಟೆಲ್ನಾಗ ಇಡ್ಲಿಗೆ ಎರಡು ಥರ ಚಟ್ನಿ ಕೊಡ್ತಾರ. ಎರಡೂ ತಿನ್ನಬೇಕಂತೇನಿಲ್ಲ."

"ಇವರು ಎರಡೂ ತಿಂತಾರ ಬಿಡವ್ವ," ಎಂದಳು ಅಡುಗೆಮನೆಯಿಂದ ಹೆಂಡತಿ.

ನಾನು ಪ್ಲಗ್ ಚುಚ್ಚಿದೆ. ಬೆರಳು ಸ್ವಿಚ್ಚಿನ ಮೇಲಿತ್ತು. "ಮೂವತ್ತು ವರ್ಷ ಕರೆಂಟಿನಾಗ ಕೂತವ ನಾನು. ತೂತಿಗೆ ತೂತು ಕೂತೈತಿ, ಇನ್ನೇನು ಬೇಕು? ಇಟ್ಟಿಗ್ಯವರು ಬರೋ ಹೊತ್ತಾತು. ಕೊಡು."

"ಕೊಡಂಗಿಲ್ರಿ."

"ಏನಂದಿ?"

"ನೀವ ಹೇಳೀರಿ, ಅನುಮಾನ ಇದ್ದವರು ಚೀಟಿ ಕೊಡಬಾರ್ದು ಅಂತ. ನನಗ ಅನುಮಾನ ಐತ್ರಿ. ಐದು ವರ್ಷದ್ದು ಅದರಾಗ ಐತಿ."

ಅವಳ ಕೈ ಸೆರಗಿನ ಗಂಟನ್ನು ಬಿಟ್ಟಿರಲಿಲ್ಲ. ಚೀಟಿಯಿಲ್ಲದೆ ಒತ್ತಿದ್ದರೆ ಯಾರೂ ನನ್ನನ್ನು ಕೇಳುವವರಿರಲಿಲ್ಲ. ಒತ್ತಬೇಕೆಂದು ಬೆರಳು ಬಿಗಿಯಾದದ್ದು ಈಗಲೂ ನೆನಪಿದೆ. ಅಡುಗೆಮನೆಯ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದಳು, ಈ ಸಲ ನಗದೆ.

ಬೆರಳು ತೆಗೆದೆ. ಪ್ಲಗ್ಗನ್ನೂ ಕಿತ್ತೆ.

ಕೊಟ್ಟೂರಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ನನ್ನ ಹಳೆಯ ಮೀಟರ್ ತಂದೆ. ಅದರ ಎರಡು ಕಡ್ಡಿಗಳನ್ನು ಎರಡು ತುದಿಗೆ ಮುಟ್ಟಿಸಿದರೆ, ಅವು ಒಂದೇ ತಂತಿಯ ತುದಿಗಳಾಗಿದ್ದಾಗ ಅದು ಕೂಗುತ್ತದೆ. ಹಳೆಯ ಮತ್ತು ಹೊಸ ಡಿಸ್ಕ್ ಕೇಬಲ್ಲುಗಳನ್ನು ಚಾಪೆಯ ಮೇಲೆ ಪಕ್ಕಪಕ್ಕ ಇಟ್ಟೆವು. ಎರಡೂ ಕಪ್ಪು, ಎರಡೂ ಚಪ್ಪಟೆ, ತುದಿಗಳೂ ಒಂದೇ ಅಚ್ಚು. ಡಿಸ್ಕಿನ ಕಡೆಯ ಹನ್ನೆರಡು ವೋಲ್ಟಿನ ತೂತಿಗೆ ಸೊಸೆ ಒಂದು ಕಡ್ಡಿ ಹಿಡಿದಳು. ಪವರ್ ಸಪ್ಲೈ ಕಡೆಯ ತೂತುಗಳನ್ನು ನಾನು ಒಂದೊಂದಾಗಿ ಮುಟ್ಟಿದೆ. ಹೊಸ ಕೇಬಲ್ಲು ಮೂರನೆಯದರಲ್ಲಿ ಕೂಗಿತು. ಹಳೆಯದರ ಮೂರನೆಯದನ್ನು ಮುಟ್ಟಿದೆ. ಸದ್ದಿಲ್ಲ. ಮತ್ತೆ ಮುಟ್ಟಿದೆ. ಇಲ್ಲ. ಮೊದಲನೆಯದರಲ್ಲಿ ಕೂಗಿತು.

ಹಳೆಯದರ ಮೂರನೆಯದು ಡಿಸ್ಕಿನ ಐದು ವೋಲ್ಟಿನ ದಾರಿಗೆ ಹೋಗುತ್ತಿತ್ತು. ಸ್ವಿಚ್ ಒತ್ತಿದ್ದರೆ ಐದು ಬೇಕಾದಲ್ಲಿ ಹನ್ನೆರಡು ನುಗ್ಗಿ ಸುಡುತ್ತಿತ್ತು, ಎರಡೂ ಡಿಸ್ಕನ್ನು, ಒಂದೇ ಕ್ಷಣದಲ್ಲಿ. ತಯಾರಕರು ಪವರ್ ಸಪ್ಲೈ ಕಡೆಯ ತುದಿಯನ್ನು ತಮತಮಗೆ ಬೇಕಾದಂತೆ ಹೆಣೆಯುತ್ತಾರೆಂದು ಆಮೇಲೆ ಅಂಗಡಿಯವರು ಹೇಳಿದರು. ಅದು ತಮಗೆ ಎಷ್ಟು ಸಾಮಾನ್ಯ ವಿಷಯವೆಂದರೆ ನನಗೆ ಹೇಳಲು ಮರೆತಿದ್ದರು.

ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟೆ.

"ಕತ್ರಿ ತಾ," ಎಂದೆ ಹೆಂಡತಿಗೆ.

ನನ್ನ ಗಂಟುಗಳನ್ನು ನಾನೇ ಕತ್ತರಿಸಿದೆ. ಹಳೆಯ ಕೇಬಲ್ಲು ಒಂದೂ ಉಳಿಯದಂತೆ ಎಳೆದು ಹಾಕಿದೆವು. ಹೊಸವನ್ನು ಹಾಕಿ, ಒಂದೊಂದರ ಮೇಲಿನ ಹೆಸರನ್ನೂ ಅವಳು ಓದಿ ಹೇಳಿದಳು, ನಾನು ಬೆರಳಿಟ್ಟು ನೋಡಿದೆ. ಕಟ್ಟಲು ಹೊತ್ತಿರಲಿಲ್ಲ, ಒಳಗೆಲ್ಲ ಹರಡಿಕೊಂಡೇ ಇದ್ದವು. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಸೊಸೆ ಸೆರಗಿನ ಗಂಟು ಬಿಚ್ಚಿ ಚೀಟಿಯನ್ನು ನನ್ನ ಅಂಗೈಯಲ್ಲಿಟ್ಟಳು.

ಸ್ವಿಚ್ ಒತ್ತಿದೆ. ಫ್ಯಾನು ತಿರುಗಿತು. ಪರದೆ ಕಪ್ಪಾಗಿಯೇ ಇತ್ತು, ನನಗೆ ಬಹಳ ಹೊತ್ತು ಅನಿಸುವಷ್ಟು. ಬೆಳಕು ಬಂತು. ಸೊಸೆ ಕುರ್ಚಿಗೆ ಕೂರದೆ, ನಿಂತೇ ಡಿಸ್ಕುಗಳನ್ನು ಹುಡುಕಿದಳು.

"ಒಂದನೇದು ಐತ್ರಿ." ಇನ್ನೊಂದನ್ನು ತೆರೆದಳು. "ಎರಡನೇದೂ ಐತಿ, ಮಾವಾರ."

ಹೊರಗೆ ಇಟ್ಟಿಗಿಯವರ ಗಾಡಿ ನಿಂತ ಸದ್ದಾಯಿತು. ಅವರು ಒಳಗೆ ಬರುವಾಗ ನಾನು ಚಾಪೆಯ ಮೇಲೆ ಕೂತು, ಹಳೆಯ ಪವರ್ ಸಪ್ಲೈಯನ್ನೂ ಅದರ ಅಷ್ಟೂ ಕೇಬಲ್ಲುಗಳನ್ನೂ ಒಂದೇ ಚೀಲದಲ್ಲಿ ಹಾಕಿ ಬಾಯಿ ಕಟ್ಟುತ್ತಿದ್ದೆ. ಮರುದಿನ ಮೂರನೆಯ ಡಿಸ್ಕ್ ತರಿಸಿದೆವು. ನಕ್ಷೆಗಳ ಇನ್ನೊಂದು ನಕಲು ಈಗ ಹೆಂಡತಿಯ ಟ್ರಂಕಿನಲ್ಲಿದೆ, ಯಾವ ತಂತಿಗೂ ಸಿಗದೆ.