ಪುಟದೊಳಗಿಂದ ನೀರು ಕೇಳಿದವಳು

ದೆವ್ವ ಕಂಡೆ, ಪೀಡೆ ಕಂಡೆ ಎನ್ನುವವರ ಮಾತನ್ನು ನಾನು ಅರ್ಧಕ್ಕೇ ತುಂಡರಿಸಿ ಎದ್ದುಹೋಗುತ್ತಿದ್ದೆ. ತಮಿಳುನಾಡಿನ ಪೆರಿಯಕುಳಂನ ಕಾಲೇಜೊಂದರಲ್ಲಿ ಯುರೋಪಿನ ಇತಿಹಾಸ ಪಾಠ ಮಾಡುವವಳು ನಾನು; ಆಧಾರವಿಲ್ಲದ ಮಾತು ನನಗೆ ಆಗಿಬರುವುದಿಲ್ಲ. ಈಗ ಬರೆಯುತ್ತಿರುವುದಕ್ಕೂ ಆಧಾರವಿಲ್ಲ. ನೀವು ನಂಬದಿದ್ದರೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಕಂಬಂ ಹತ್ತಿರದ ನಮ್ಮ ಊರಲ್ಲಿ ಅಕ್ಕ ಮತ್ತು ನಾನು ಇಬ್ಬರೇ ಇದ್ದೆವು. ಅಮ್ಮ ಹೋದಮೇಲೆ ದ್ರಾಕ್ಷಿ ತೋಟ ನೋಡಿಕೊಂಡು ನನ್ನನ್ನು ಓದಿಸಿದವಳು ಅವಳು. ಅವಳಿಗೆ ಮಾತ್ರ ಅಕ್ಷರ ಬಾರದು. ಮನೆಯಲ್ಲಿ ನಾವಾಡುವುದು ಕನ್ನಡ, ಅದೂ ಬಾಯಲ್ಲಿ ಮಾತ್ರ. ತಲೆತಲಾಂತರದಿಂದ ಈ ಕಣಿವೆಯಲ್ಲಿರುವ ನಮಗೆ ಓದುಬರಹವೆಲ್ಲ ತಮಿಳು, ಇಂಗ್ಲಿಷು. ಕನ್ನಡದ ಅಕ್ಷರ ನಾನು ಕಲಿತದ್ದು ಇದೆಲ್ಲ ನಡೆದು ಎಷ್ಟೋ ಕಾಲದ ಮೇಲೆ. ಇದನ್ನು ದಯವಿಟ್ಟು ಗಮನದಲ್ಲಿಡಿ.

ಸಂಜೆ ನಾನು ದಪ್ಪ ಪುಸ್ತಕ ಹಿಡಿದು ಕೂತರೆ ಅಕ್ಕ ಸೊಪ್ಪು ಬಿಡಿಸುತ್ತ ಕೇಳುತ್ತಿದ್ದಳು, “ಇವತ್ತು ನಿನ್ನ ರಾಜ ಯಾರ ತಲೆ ತೆಗ್ದ?” ನಾನು ಹೇಳುತ್ತಿದ್ದೆ. ಮಧ್ಯಯುಗದ ರಾಣಿಯರ ಸಂಸಾರವನ್ನೆಲ್ಲ ಪಕ್ಕದ ಬೀದಿಯ ಸುದ್ದಿಯಂತೆ ಕೇಳಿ ತೀರ್ಪು ಕೊಡುತ್ತಿದ್ದಳು. “ಪಾವಂ, ಅವ್ಳಿಗೆ ಅಣ್ಣ ತಮ್ಮ ಯಾರೂ ಇಲ್ವಾ?” ಎಂದು ಒಬ್ಬ ರಾಣಿಗಾಗಿ ಎರಡು ದಿನ ನೊಂದದ್ದೂ ಉಂಟು.

ಕೊರೋನಾದ ಎರಡನೆಯ ಅಲೆಯಲ್ಲಿ ಅಕ್ಕನಿಗೆ ಜ್ವರ ಬಂತು. ತೇನಿಯಲ್ಲಿ ಎಲ್ಲಿ ಕೇಳಿದರೂ ಹಾಸಿಗೆ ಇಲ್ಲ. ಅವಳು ಒಳಕೋಣೆಗೆ ಹೋಗಿ ಬಾಗಿಲು ಮುಂದಕ್ಕೆಳೆದುಕೊಂಡಳು. “ಒಳಗೆ ಬರ್ಬ್ಯಾಡ ಕಣ್ಣು. ನಿಂಗೇನಾದ್ರೂ ಆದ್ರೆ ನಾನು ಬದ್ಕಿ ಏನ್ ಮಾಡ್ಲಿ?” ನಾನು ಗಂಜಿಯನ್ನು ಹೊಸಿಲಲ್ಲಿಟ್ಟು ದೂರ ಸರಿಯಬೇಕು, ಆಮೇಲೆ ಅವಳು ತೆಗೆದುಕೊಳ್ಳಬೇಕು. ನೀರಿನ ಕೊಡ ಒಳಗೇ ಇತ್ತು. ಅವಳನ್ನು ಕಳೆದುಕೊಂಡುಬಿಡುತ್ತೇನೆ ಎಂಬ ಹೆದರಿಕೆಯಲ್ಲಿ ನನಗೆ ನಿದ್ದೆಯೇ ಇರಲಿಲ್ಲ.

ಒಂದು ಮಧ್ಯಾಹ್ನ ಆ ಬಾಗಿಲ ಎದುರಿಗೇ ಕುರ್ಚಿ ಹಾಕಿ ಕೂತು ಒಂದು ಇಂಗ್ಲಿಷ್ ಪುಸ್ತಕ ಓದುತ್ತಿದ್ದೆ. ಯುರೋಪಿನ ಊರುಗಳನ್ನು ಪ್ಲೇಗು ಹೇಗೆ ಬರಿದು ಮಾಡಿತೆಂಬ ಅಧ್ಯಾಯ. ಅಂಥ ಹೊತ್ತಲ್ಲಿ ಅದನ್ನೇಕೆ ಓದಿದೆ ಎಂದು ಕೇಳಬೇಡಿ. ಬೇರೇನೂ ತಲೆಗೆ ಹತ್ತುತ್ತಿರಲಿಲ್ಲ. ರೋಗಿಗಳಿದ್ದ ಮನೆಗೆ ಹೊರಗಿನಿಂದ ಹಲಗೆ ಬಡಿದು, ಕಿಟಕಿಯಿಂದ ರೊಟ್ಟಿ ಕೊಡುತ್ತಿದ್ದರಂತೆ. ಆ ಸಾಲಿನ ಕೆಳಗೆ ಓದಿದೆ: “ತಂಗಿ, ಒಂದು ಗುಟುಕು ನೀರ್ ತಾರವ್ವ.” ಆ ಮನೆಯೊಳಗಿನ ಹೆಂಗಸು ಕೇಳುತ್ತಿದ್ದಾಳೆ ಎಂದುಕೊಂಡು ಪುಟ ತಿರುಗಿಸಿದೆ.

ತಿರುಗಿಸಿದ ಮೇಲೆ ಹೊಳೆಯಿತು. ಅದು ನಮ್ಮ ಮನೆಮಾತು. ಹಿಂದಿನ ಪುಟಕ್ಕೆ ಹೋದೆ. ಅಲ್ಲಿ ಬರೀ ಇಂಗ್ಲಿಷು. ಕಿವಿಯಲ್ಲಿ ಕೇಳಿದ್ದಲ್ಲ, ಕಣ್ಣಾರೆ ಓದಿದ್ದು. ಯಾವ ಅಕ್ಷರದಲ್ಲಿ ಓದಿದೆ?

ಬಾಗಿಲು ತಳ್ಳಿ ನುಗ್ಗಿದೆ. ಅಕ್ಕ ನೆಲದ ಮೇಲೆ, ಕೊಡಕ್ಕೆ ಕೈ ಎಟುಕದಷ್ಟು ದೂರದಲ್ಲಿ ಬಿದ್ದಿದ್ದಳು. ತುಟಿ ಒಣಗಿ ಬಿರಿದಿತ್ತು. ತಲೆಯೆತ್ತಿ ಹಿಡಿದು ಲೋಟ ಕೊಟ್ಟರೆ ಬಾಯಿ ಬಿಗಿಹಿಡಿದಳು. ಗೋಡೆಯ ಕಡೆ ಕಣ್ಣು ಹೊರಳಿಸಿ ಹೇಳಿದಳು, “ನಾ ಕೇಳ್ಲಿಲ್ಲ ಕಣ್ಣು. ಅವ್ಳು ಕೇಳಿದ್ದು. ಪಾವಂ, ಮೊದ್ಲು ಅವ್ಳಿಗೆ ಕೊಡು.”

ಗೋಡೆಯ ಬಳಿ ಯಾರೂ ಇರಲಿಲ್ಲ. ಇನ್ನೊಂದು ಲೋಟದಲ್ಲಿ ನೀರು ತುಂಬಿ ಅಲ್ಲಿಟ್ಟೆ. ಅದನ್ನು ನೋಡಿದ ಮೇಲೆಯೇ ಅಕ್ಕ ಕುಡಿದದ್ದು.

ಆಂಬುಲೆನ್ಸ್ ಬಂದಾಗ ಹೊತ್ತು ಇಳಿದಿತ್ತು. ಚಿನ್ನಮನೂರು ದಾಟಿದ ಮೇಲೆ, ತೇನಿ ಮುಟ್ಟುವ ಮೊದಲೇ, ಅವಳು ಹೋಗಿಬಿಟ್ಟಳು.

ಜ್ವರದ ಕನವರಿಕೆ ಎನ್ನಬಹುದು. ಆದರೆ ಆ ಅಧ್ಯಾಯವನ್ನು ನಾನು ಅವಳಿಗೆ ಹೇಳಿರಲಿಲ್ಲ. ಅಂದೇ ಮೊದಲ ಸಲ ಓದುತ್ತಿದ್ದೆ. ಅವಳೇ ಕೂಗಿರಬೇಕು, ನಿದ್ದೆಗೆಟ್ಟ ನಿನಗೆ ಓದಿದಂತೆ ಅನ್ನಿಸಿರಬೇಕು ಎನ್ನುತ್ತಾರೆ ಜೊತೆಯ ಮೇಷ್ಟ್ರುಗಳು. ಇರಬಹುದು. ಆದರೆ ಅಕ್ಕ ನನ್ನನ್ನು ‘ತಂಗಿ’ ಎಂದು ಒಮ್ಮೆಯೂ ಕರೆದವಳಲ್ಲ. ಅವಳಿಗೆ ನಾನು ಯಾವಾಗಲೂ ‘ಕಣ್ಣು’.

ಹೆಣವನ್ನು ನಮಗೆ ಕೊಡಲಿಲ್ಲ. ಬಾಯಿಗೆ ನೀರು ಬಿಡುವ ಶಾಸ್ತ್ರವೂ ಆಗಲಿಲ್ಲ. ಆ ಮಧ್ಯಾಹ್ನ ಕುಡಿದದ್ದೇ ಅವಳ ಕೊನೆಯ ನೀರು. ಕೇಳಿದವಳು ಯಾರೋ, ಯಾವ ಊರಿನವಳೋ ನನಗೆ ಇವತ್ತಿಗೂ ತಿಳಿಯದು. ಅವಳು ಕೇಳದೇ ಹೋಗಿದ್ದರೆ ನನ್ನಕ್ಕ ಬಾಯಾರಿಕೊಂಡೇ ಹೋಗುತ್ತಿದ್ದಳು.