ಅಪ್ಪನ ಕಣ್ಣು, ಮಗಳ ಕಣ್ಣು

ಕೋವಿಡ್ ಅಲೆಗಳು ತಗ್ಗಿದ ಮರುವರ್ಷ ನಾನು ಕೊಳ್ಳೇಗಾಲದ ಒಂದು ಆಸ್ಪತ್ರೆಯಲ್ಲಿ ಕಣ್ಣಿನ ವೈದ್ಯನಾಗಿದ್ದೆ. ಬರುತ್ತಿದ್ದವರು ಬಹುಪಾಲು ಪೊರೆ ಬಂದ ಹಿರಿಯರು, ಕಬ್ಬಿನ ಗರಿ ಕಣ್ಣಿಗೆ ತಾಗಿಸಿಕೊಂಡ ಕೂಲಿಯವರು. ಅಂಥದೊಂದು ಬೆಳಿಗ್ಗೆ ಸವಿತ ಎಂಬಾಕೆ ತನ್ನ ಒಂದೂವರೆ ವರ್ಷದ ಮಗಳನ್ನು ಎತ್ತಿಕೊಂಡು ಬಂದಳು. ಗಂಡನ ಮನೆ ರಾಮಾಪುರ. ತವರು ಯಳಂದೂರಿಗೆ ಬಂದಿದ್ದವಳು ಅಲ್ಲಿಂದಲೇ ಬಸ್ಸು ಹಿಡಿದಿದ್ದಳು. ಆಕೆ ಮತ್ತೆ ಬಸುರಿ. ತಮ್ಮನ ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಮಗುವಿನ ಎಡಗಣ್ಣಿನ ಪಾಪೆ ಬೆಳ್ಳಗೆ ಕಂಡಿತ್ತು. ಅತ್ತೆ ಅದೇನೂ ಇಲ್ಲ, ಬೆಳಕಿಗೆ ಹಾಗೆ ಕಾಣುತ್ತದೆ ಎಂದಿದ್ದರಂತೆ.

ಡ್ರಾಪ್ಸ್ ಹಾಕಿ, ಪಾಪೆ ಅಗಲವಾದ ಮೇಲೆ ನೋಡಿದೆ. ಎಡಗಣ್ಣಿನ ತುಂಬ ಬಿಳಿ ಗೆಡ್ಡೆ. ಬಲಗಣ್ಣಿನ ಅಂಚಿನಲ್ಲೂ ಒಂದು ಸಣ್ಣ ಮಚ್ಚೆ. ರೆಟಿನೋಬ್ಲಾಸ್ಟೋಮಾ ಎನ್ನುವ ಇದು ಕಣ್ಣಿನ ಒಳಪರದೆಯಲ್ಲಿ, ಎಳೆಯ ಮಕ್ಕಳಿಗೆ ಬರುವ ಕ್ಯಾನ್ಸರ್. ಹೇಳಿದೆ. ಸವಿತ ಮಗುವಿನ ಟೋಪಿಯ ದಾರ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದಳು.

ಎರಡೂ ಕಣ್ಣಿಗೆ ಬಂದಿದೆಯೆಂದರೆ ರೋಗದ ಬೇರು ಹುಟ್ಟಿನಲ್ಲೇ ಇರುತ್ತದೆ, ತಂದೆ ತಾಯಿಯಿಂದ ಬಂದದ್ದಿರಬಹುದು. ಮನೆಯವರನ್ನು ಕರೆಸಿದೆ. ಗಂಡ ನಾಗರಾಜು ಕುಂತೂರಿನ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಅವನು ಎದುರಿಗೆ ಕೂತ ಕೂಡಲೇ ಅವನ ಒಂದು ಕಣ್ಣು ಕೃತಕವೆಂದು ತಿಳಿಯಿತು. ಚಿಕ್ಕಂದಿನಲ್ಲಿ ಮುಳ್ಳು ಚುಚ್ಚಿ ಹೋಯಿತು ಎಂದ. ಜೊತೆಗೆ ಬಂದಿದ್ದ ಅವನ ತಾಯಿ ಮಾದಮ್ಮ ಗೋಡೆ ನೋಡುತ್ತಿದ್ದರು. ಮುಳ್ಳು ಚುಚ್ಚುವ ಮೊದಲು ಆ ಕಣ್ಣು ಹೇಗಿತ್ತು ಎಂದು ಅವರನ್ನೇ ಕೇಳಿದೆ.

"ಮುಳ್ಳು ಚುಚ್ಚಿರ್ನಿಲ್ಲ ಸಾ," ಎಂದರು ಮಾದಮ್ಮ. "ಇವ್ನ್ ಕಣ್ಣೂ ಬೆಳ್ಳಗಾಗಿತ್ತು. ಗೆಡ್ಡೆ ಅಂತ ಮೈಸೂರಲ್ಲಿ ತಗುದ್ರು. ಮುಂದ್ಕೆ ಎಣ್ಣು ಕೊಡಾಕಿಲ್ಲ ಅಂತ ಯಾರ್ಗೂ ಏಳ್ನಿಲ್ಲ."

ನಾಗರಾಜುವಿಗೂ ಅದು ಅಂದೇ ಗೊತ್ತಾದದ್ದು. ಸವಿತ ಅತ್ತೆಯ ಕಡೆ ತಿರುಗಿಯೂ ನೋಡಲಿಲ್ಲ. ಮಗುವಿನ ಎಡಗಣ್ಣು ತೆಗೆಯದಿದ್ದರೆ ರೋಗ ಮಿದುಳಿಗೆ ಹರಡಬಹುದೆಂದು ನಾನು ವಿವರಿಸಿದೆ. ನಾಗರಾಜು ತನ್ನ ಕೃತಕ ಕಣ್ಣಿನ ರೆಪ್ಪೆ ಮುಟ್ಟಿಕೊಂಡ.

"ನಂದು ತಗ್ದಿದ್ಕೇ ನಾನ್ ಬದ್ಕಿರೋದಾ ಸಾ?"

ಹೌದು ಎಂದೆ.

"ಅಂಗಾರೆ ತಗೀರಿ."

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಬಲಗಣ್ಣನ್ನು ಕೀಮೋ, ಲೇಸರ್‌ಗಳಿಂದ ಉಳಿಸಿಕೊಂಡರು. ಅಲ್ಲಿಯೇ ನಾಗರಾಜುವಿನ ಮತ್ತು ಮಗುವಿನ ರಕ್ತ ಪರೀಕ್ಷಿಸಿದಾಗ ಇಬ್ಬರಲ್ಲೂ ಆರ್‌ಬಿ ಒನ್ ಎಂಬ ಜೀನಿನಲ್ಲಿ ಒಂದೇ ದೋಷ ಸಿಕ್ಕಿತು.

ಆರ್‌ಬಿ ಒನ್ ಒಂದು ಟ್ಯೂಮರ್ ಸಪ್ರೆಸರ್ ಜೀನ್, ಅಂದರೆ ಗೆಡ್ಡೆಯನ್ನು ತಡೆಯುವ ಜೀನ್. ಜೀವಕೋಶ ಅಗತ್ಯವಿಲ್ಲದಾಗ ಒಡೆದು ಎರಡಾಗದಂತೆ ತಡೆಹಿಡಿಯುವುದು ಅದರ ಕೆಲಸ. ಪ್ರತಿ ಕೋಶದಲ್ಲೂ ಅದರ ಎರಡು ಪ್ರತಿಗಳಿರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಕೆಟ್ಟರೂ ಇನ್ನೊಂದು ಕೆಲಸ ನಿಭಾಯಿಸುತ್ತದೆ. ಎರಡೂ ಕೆಟ್ಟ ಕೋಶಕ್ಕೆ ತಡೆಯಿಲ್ಲ. ಅದು ಬೆಳೆಯುತ್ತಲೇ ಹೋಗಬಹುದು. ಈ ಮಗು ಹುಟ್ಟುವಾಗಲೇ ಮೈಯ ಎಲ್ಲ ಕೋಶಗಳಲ್ಲೂ ಒಂದು ಪ್ರತಿ ಕೆಟ್ಟಿತ್ತು. ಕಣ್ಣಿನ ಕೆಲವು ಕೋಶಗಳಲ್ಲಿ ಉಳಿದ ಇನ್ನೊಂದೂ ಕೆಟ್ಟಿತು. ಹುಟ್ಟಲಿರುವ ಮಗುವಿಗೂ ಈ ದೋಷ ಬರುವ ಸಾಧ್ಯತೆ ಅರ್ಧಕ್ಕರ್ಧ.

ನಾಗರಾಜುವಿಗೆ ಅರ್ಥವಾಗಲೆಂದು ಇದನ್ನು ಟ್ರ್ಯಾಕ್ಟರಿನ ಎರಡು ಬ್ರೇಕಿಗೆ ಹೋಲಿಸಿ ಹೇಳಿದೆ. "ಒಂದ್ ಬ್ರೇಕ ನಾನೇ ಕಿತ್ತು ಕೊಟ್ಟಿವ್ನಿ ಅನ್ನಿ," ಎಂದ. ದನಿಯಲ್ಲಿ ಕೋಪವಿರಲಿಲ್ಲ, ದುಃಖವೂ ಇರಲಿಲ್ಲ. ರಾಮಾಪುರಕ್ಕೆ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿ ಹೊರಟುಹೋದ. ನನಗೂ ಅಂದು ಏನೂ ಅನ್ನಿಸಲಿಲ್ಲ. ಮುಂದಿನ ರೋಗಿಯನ್ನು ಕರೆದೆ.

ಬೇಸಿಗೆಯಲ್ಲಿ ಸವಿತಳಿಗೆ ಕೊಳ್ಳೇಗಾಲದಲ್ಲೇ ಗಂಡು ಮಗುವಾಯಿತು. ಹೊಕ್ಕುಳ ಬಳ್ಳಿಯ ರಕ್ತ ಬೆಂಗಳೂರಿಗೆ ಕಳಿಸಿದೆವು. ಫಲಿತಾಂಶ ಬರುವ ತನಕ ಆ ಕೂಸಿನ ಕಣ್ಣುಗಳನ್ನು ನಾನು ಮತ್ತೆ ಮತ್ತೆ ನೋಡಿದೆ, ಎರಡೂ ತಿಳಿಯಾಗಿದ್ದವು. ದೋಷ ಬಂದಿಲ್ಲವೆಂದು ವರದಿ ಬಂತು. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಿದೆ. ಮುಖ ಅರಳುತ್ತದೆ ಎಂದುಕೊಂಡಿದ್ದೆ. ನಾಗರಾಜು ನೆಲ ನೋಡುತ್ತಾ, "ಅಂಗಾದ್ರೆ ಅವಳ್ಗೊಬ್ಳಿಗೇ ಕೊಟ್ಟೆ," ಎಂದ.

ಇಷ್ಟು ತಿಂಗಳಲ್ಲಿ ಸವಿತ ನನ್ನೆದುರು ಗಂಡನೊಡನೆ ಮಾತಾಡಿದ್ದೇ ಇಲ್ಲ. ಅಂದು ಮಾತಾಡಿದಳು.

"ನೀವ್ ಕೊಟ್ಟಿಲ್ಲ ಕಣ್ರಿ. ಬಂದದೆ, ಅಷ್ಟೆ. ಏಳಿ, ಅವಳ್ ಕಣ್ಣಿಗೆ ಡ್ರಾಪ್ಸ್ ಆಕ್ಬೇಕು."

ಅವನು ಎದ್ದ. ಹೊರಗೆ ಬೆಂಚಿನ ಮೇಲೆ ಅಜ್ಜಿಯ ತೊಡೆಯಲ್ಲಿ ಕೂತಿದ್ದ ಮಗಳನ್ನು ಎತ್ತಿಕೊಂಡು, ಅವಳ ತಲೆ ಹಿಂದಕ್ಕೆ ಬಾಗಿಸಿ ಹಿಡಿದ. ಸವಿತ ಡ್ರಾಪ್ಸ್ ಹಾಕಿದಳು.

ಜೀನ್ ಏನೆಂದು ವಿವರಿಸುವುದು ನನಗೆ ಕಷ್ಟವಲ್ಲ. ಆದರೆ ರೋಗ ಎಲ್ಲಿಂದ ಬಂತು ಎಂದು ನಾವು ಹೇಳಿದರೆ, ಯಾರಿಂದ ಬಂತು ಎಂದಷ್ಟೇ ಮನೆಯವರ ಕಿವಿಗೆ ಬೀಳುತ್ತದೆ. ಈಗ ಇಂಥ ಯಾವ ವರದಿಯನ್ನಾದರೂ ಬಿಚ್ಚುವ ಮೊದಲು, ಇದನ್ನು ಯಾರೂ ಯಾರಿಗೂ ಕೊಟ್ಟದ್ದಲ್ಲ ಎಂದು ಹೇಳುತ್ತೇನೆ. ಅವರು ಅದನ್ನು ನಂಬುವವರೆಗೂ ವರದಿಯ ಲಕೋಟೆ ಮೇಜಿನ ಮೇಲೇ ಇರುತ್ತದೆ.