ಹವಾಲ್ದಾರನ ಮೇಲಿನವರು

ನನ್ನ ಅಕ್ಷರದ ಬಗ್ಗೆ ಆಗ ನನಗೆ ವಿಪರೀತ ಜಂಬ. ಹತ್ತಿಮತ್ತೂರಿನ ಶಾಲೆಯ ಅಕ್ಕೋರು ಎಂದು ಊರಿನವರು ಅರ್ಜಿ ಬರೆಸಲು ನಮ್ಮ ಕಟ್ಟೆಗೇ ಬರುತ್ತಿದ್ದರು. ‘ಮಹಾಸ್ವಾಮಿಗಳ ಪಾದಾರವಿಂದಗಳಲ್ಲಿ’ ಎಂದು ಶುರುಮಾಡಿ ‘ದಯಾಳುಗಳಾದ ತಾವು’ ಎಂದು ಮುಗಿಸಿ ಗಟ್ಟಿಯಾಗಿ ಓದಿದರೆ ಬರೆಸಿದವರ ಕಣ್ಣು ಒದ್ದೆಯಾಗುತ್ತಿತ್ತು. ನನ್ನ ತಮ್ಮನ ವಿಷಯದಲ್ಲಿ ಈ ಜಂಬವೇ ಒಂದಿಡೀ ವರ್ಷ ಹಾಳು ಮಾಡಿತು.

ಎಪ್ಪತ್ತರ ದಶಕದ ಕೊನೆಯ ಮಾತು. ತಮ್ಮ ಮಿಲ್ಟ್ರಿ ಸೇರಿದ ಮೂರನೆಯ ವರ್ಷ ಮನೆಗೆ ಬಂದುಬಿಟ್ಟ. ಎಡಗಿವಿ ಕೇಳುತ್ತಿರಲಿಲ್ಲ. ಬಂದೂಕಿನ ನಳಿಗೆಯಲ್ಲಿ ಧೂಳು ಕಂಡಿತೆಂದು ಹವಾಲ್ದಾರನೊಬ್ಬ ಅವನನ್ನು ಮೊಣಕಾಲೂರಿ ಕೂರಿಸಿ ಬೂಟಿನಿಂದ ಕಿವಿಗೆ ಹೊಡೆದಿದ್ದ. ವಿಚಾರಣೆ ಆಯಿತು, ಹವಾಲ್ದಾರನ ತೋಳಿನ ಪಟ್ಟಿ ಒಂದು ಕಡಿಮೆಯಾಯಿತು, ತಮ್ಮನ ಕೈಗೆ ‘ಸೇವೆಗೆ ಯೋಗ್ಯನಲ್ಲ’ ಎಂಬ ಕಾಗದ ಬಂತು. ಅಲ್ಲಿಗೆ ಎಲ್ಲರ ಲೆಕ್ಕದಲ್ಲೂ ಮುಗಿಯಿತು.

ಅವ್ವನ ಲೆಕ್ಕದಲ್ಲಿ ಮುಗಿಯಲಿಲ್ಲ. ಅವಳನ್ನು ಸುಡುತ್ತಿದ್ದದ್ದು ಕಿವಿಗಿಂತ ಹೆಚ್ಚಾಗಿ ತಮ್ಮನ ಮಾತು. ಯಾರೇ ಕೇಳಲಿ, ಅವನದು ಒಂದೇ ಉತ್ತರ.

“ಧೂಳ ಇತ್ರೀ. ತಪ್ಪು ನಂದ.”

ದಿನಕ್ಕೆ ಎರಡು ಸಲ ಲಾಟೀನಿನ ಗಾಜು ಒರೆಸುತ್ತಿದ್ದ. ಒರೆಸಿದ್ದನ್ನೇ ಬಿಸಿಲಿಗೆ ಹಿಡಿದು ನೋಡಿ ಮತ್ತೆ ಒರೆಸುತ್ತಿದ್ದ. ಇಪ್ಪತ್ತನಾಲ್ಕರ ಹುಡುಗ, ಊಟಕ್ಕೆ ಕರೆದರೂ ಬೆಚ್ಚಿ ನೆಟ್ಟಗೆ ನಿಲ್ಲುತ್ತಿದ್ದ. ಅವ್ವ ಅತ್ತದ್ದನ್ನು ನಾನು ನೋಡಿದ್ದು ಆ ವರ್ಷವೇ.

ಅವ್ವ ಸವಣೂರಿನ ತೋಟಗಳಿಂದ ವೀಳ್ಯದೆಲೆ ಕೊಂಡು ಶಿಗ್ಗಾಂವಿಯ ಸಂತೆಯಲ್ಲಿ ಮಾರುತ್ತಿದ್ದಳು. ಓದು ಬರದು. ಆದರೆ ಎಲೆ ವ್ಯಾಪಾರದ ಮಂದಿಯ ಜೊತೆ ಆಡಿ ಆಡಿ ಸವಣೂರಿನ ಉರ್ದು ಚೆನ್ನಾಗಿ ಬರುತ್ತಿತ್ತು. ಒಂದು ಸಂಜೆ ಎಲೆಯ ಪೆಂಡಿ ಕಟ್ಟುತ್ತ ತಮ್ಮನನ್ನು ಕೇಳಿದಳು.

“ಆ ಹವಾಲ್ದಾರನ ಮ್ಯಾಲಿನಾಂವ ಯಾರು?”

“ಸುಬೇದಾರ್ ಸಾಹೇಬ್ರು.”

“ಅವ್ರ ಮ್ಯಾಲೆ?”

ಹೀಗೆ ಏಣಿ ಹತ್ತಿದಂತೆ ಕೇಳುತ್ತ ಹೋಗಿ ಕರ್ನಲ್ ಸಾಹೇಬರ ಹತ್ತಿರ ಬಂದು ನಿಂತಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅವ್ರಿಗೆ ಬರಿ.”

ನಾನು ರೇಗಿದೆ. “ಹೊಡದಾಂವ ಒಬ್ಬ, ಕೇಳೂದು ಇನ್ನೊಬ್ಬನ್ನ ಏನವ್ವಾ?”

“ನಮ್ಮ ಎತ್ತು ಮಂದಿ ತ್ವಾಟದಾಗ ಹೊಕ್ಕಾಗ ನಿಮ್ಮಪ್ಪ ಆಳಮನಶ್ಯಾನ್ನ ಕಳಸ್ತಿದ್ದನೇನು? ತಾನ ಹೋಗಿ ಬದುವಿನ ಮ್ಯಾಲೆ ನಿಂದರ್ತಿದ್ದ. ರುಮಾಲ ತಗದು ಬಗಲಾಗ ಇಟ್ಕೊಂಡು.”

ನಿಜ. ನಮ್ಮ ಕಡೆ ಹಾಗೇ ನಡೆಯುತ್ತಿತ್ತು. ಎತ್ತು ಬಿಟ್ಟವನು ಯಾರೇ ಇರಲಿ, ಬದುವಿನ ಮೇಲೆ ಬರಿದಲೆಯಲ್ಲಿ ನಿಲ್ಲಬೇಕಾದವನು ಮನೆಯ ಯಜಮಾನ. ನಾನು ಕಾಗದ ತೆಗೆದುಕೊಂಡೆ.

ಅವ್ವ ಹೇಳಿದ್ದು ಮೂರೇ ಮಾತು. ನಾನು ಮ್ಯಾಟ್ರಿಕ್‌ನ ಇಂಗ್ಲಿಷಿನಲ್ಲಿ ಎರಡು ಪುಟ ಬರೆದೆ. ಬಡ ವಿಧವೆ ಅಂದೆ, ನಿಮ್ಮ ಪಾದದ ಧೂಳು ಅಂದೆ, ಕರುಣೆ ತೋರಿ ಏನಾದರೂ ಸಹಾಯ ಮಾಡಬೇಕು ಅಂದೆ. ಸಾಹೇಬರಿಗೆ ಪ್ರಶ್ನೆ ಹಾಕಿದರೆ ಕಾಗದ ಕಸದ ಬುಟ್ಟಿಗೆ ಹೋಗುತ್ತದೆ ಎಂಬ ಬುದ್ಧಿವಂತಿಕೆ ನನ್ನದು. ಇಂಥ ನಾಲ್ಕು ಕಾಗದ ಹೋದವು. ನಾಲ್ಕಕ್ಕೂ ಯಾರೋ ಗುಮಾಸ್ತ, ಅರ್ಜಿ ಪರಿಶೀಲನೆಯಲ್ಲಿದೆ ಎಂದು ಬರೆದ.

ಐದನೆಯದನ್ನು ಬರೆಯುವ ಹೊತ್ತಿಗೆ ತಮ್ಮನ ಕೈಗೆ ಹಳೆಯದರ ನಕಲು ಸಿಕ್ಕಿತು. ಅವನು ಅದನ್ನು ಅವ್ವನಿಗೆ ಕನ್ನಡದಲ್ಲಿ ಓದಿ ಹೇಳಿದ. ಅವ್ವ ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

“ನಾ ಬೇಡಾಕತ್ತಿಲ್ಲವ್ವಾ, ಕೇಳಾಕತ್ತೇನಿ,” ಎಂದಳು ಅಷ್ಟೇ. ನನಗೆ ನಾಚಿಕೆಯಾಯಿತು. ಈಗಲೂ ಆಗುತ್ತದೆ.

ಆವತ್ತು ಅವಳ ಮಾತನ್ನು ಇದ್ದ ಹಾಗೆಯೇ ಇಂಗ್ಲಿಷಿಗೆ ಇಳಿಸಿ ಬರೆದೆ: “ಹೊಡೆದವನು ಯಾರೆಂದು ನನಗೆ ಗೊತ್ತು. ಅವನು ಹುಡುಗರನ್ನು ಹೀಗೆ ಹೊಡೆಯುತ್ತಾನೆಂದು ನಿಮಗೆ ಗೊತ್ತಿತ್ತೋ ಇಲ್ಲವೋ? ಅಷ್ಟು ಹೇಳಿ.” ಕೆಳಗೆ ಅವ್ವ ಹೆಬ್ಬೆಟ್ಟು ಒತ್ತಿದಳು.

ಎರಡು ತಿಂಗಳಿಗೆ ಕರ್ನಲ್ ಸಾಹೇಬರ ಸ್ವಂತ ಕೈಬರಹದ ಕಾಗದ ಬಂತು. ನಿವೃತ್ತನಾಗಿದ್ದೇನೆ, ಪುಣೆಯಿಂದ ಬೆಂಗಳೂರಿಗೆ ಹೋಗುವಾಗ ಶಿಗ್ಗಾಂವಿಯಲ್ಲಿ ಇಳಿದು ಬರುತ್ತೇನೆ ಎಂದಿದ್ದರು. ನಾನು ನಂಬಲಿಲ್ಲ. ಆದರೆ ಹೇಳಿದ ದಿನ ಬಾಡಿಗೆ ಕಾರಿನಲ್ಲಿ ಬಂದರು. ಬಿಳಿ ಮೀಸೆಯ, ಸಣ್ಣ ಆಳು. ನಮ್ಮ ಬಾಗಿಲಿಗೆ ತಲೆ ತಾಗುವುದೂ ಇಲ್ಲದಷ್ಟು ಸಣ್ಣವರು. ತಮ್ಮ ಗೋಡೆಗೆ ಬೆನ್ನು ಹಚ್ಚಿ ಸೆಟೆದು ನಿಂತುಬಿಟ್ಟ.

ನಾನು ಚಹಾ ಇಡಲು ಎದ್ದೆ. ಅವ್ವ ನನ್ನ ಸೆರಗು ಹಿಡಿದು ಜಗ್ಗಿದಳು.

“ಮಾತು ಆದ ಮ್ಯಾಲೆ ಚಹಾ.”

ಆಮೇಲೆ ಸಾಹೇಬರ ಕಡೆ ತಿರುಗಿ ತನ್ನ ಸಂತೆಯ ಉರ್ದುವಿನಲ್ಲಿ ಕೇಳಿದಳು. “ತುಮ್ಕು ಮಾಲೂಮ್ ಥಾ ಕ್ಯಾ, ಸಾಬ್?”

ಸಾಹೇಬರು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಗೊತ್ತಿತ್ತು ಎಂದರು. ಇವನಿಗಿಂತ ಮೊದಲು ಮೂವರು ಹುಡುಗರು ಆಸ್ಪತ್ರೆ ಸೇರಿದ್ದರು, ಕಿರಿಯ ಅಧಿಕಾರಿಯೊಬ್ಬ ಅವರಿಗೆ ಬರೆದೂ ಕೊಟ್ಟಿದ್ದ. ಆ ಹವಾಲ್ದಾರನ ತುಕಡಿ ಪ್ರತಿ ಪಂದ್ಯ ಗೆಲ್ಲುತ್ತಿತ್ತು, ಅದಕ್ಕೇ ಅವರು ಕಾಗದವನ್ನು ಬದಿಗಿಟ್ಟಿದ್ದರು. ವಿಚಾರಣೆಯಲ್ಲಿ ತಮಗೇನೂ ತಿಳಿಯದೆಂದು ಹೇಳಿದ್ದರು. ಇದನ್ನೆಲ್ಲ ಹಿಂದಿಯಲ್ಲಿ, ನಿಲ್ಲಿಸಿ ನಿಲ್ಲಿಸಿ ಹೇಳಿದರು.

ನನಗೆ ಮೈಯೆಲ್ಲ ಉರಿಯಿತು. ಅವ್ವ ಮಾತ್ರ ಮೆತ್ತಗೆ, ಎಲೆಯ ದರ ಹೇಳುವ ದನಿಯಲ್ಲಿ, ಈ ಮಾತನ್ನು ನಿಮ್ಮ ಮೇಲಿನವರಿಗೆ ಬರೆಯಿರಿ ಎಂದಳು. ನಾನು ಶಾಲೆಯ ಬರೆಯುವ ಪಟ್ಟಿಯಿಂದ ಹಾಳೆ ಹರಿದು ಕೊಟ್ಟೆ. ಅವರು ಅಲ್ಲೇ ಚಾಪೆಯ ಮೇಲೆ ಕೂತು ಬರೆದು ಸಹಿ ಮಾಡಿದರು. ತಮ್ಮನ ಮುಂದೆ ಹೋಗಿ ನಿಂತು, “ಗಲತಿ ಮೇರೀ ಥೀ, ಬೇಟಾ”, ತಪ್ಪು ನನ್ನದಾಗಿತ್ತು ಮಗಾ, ಎಂದರು. ಅವ್ವ ಆಗ ನನ್ನ ಕಡೆ ನೋಡಿ, “ಈಗ ಚಹಾ ಇಡು, ಸಕ್ಕರಿ ಜಾಸ್ತಿ ಹಾಕು, ದೂರದಿಂದ ಬಂದಾರ” ಎಂದಳು.

ಆ ಹಾಳೆಯನ್ನು ನಾನೇ ಶಿಗ್ಗಾಂವಿಯ ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಿದೆ. ಮೇಲಿನವರು ಏನು ಮಾಡಿದರೋ ನಮಗೆ ತಿಳಿಯಲೇ ಇಲ್ಲ. ಎರಡು ಸಲ ಕೇಳಿ ಬರೆದೆ, ಉತ್ತರ ಇಲ್ಲ.

ಆದರೆ ಆವತ್ತು ಕಾರು ಊರು ದಾಟಿದ ಮೇಲೂ ತಮ್ಮ ಗೋಡೆಯ ಹತ್ತಿರವೇ ನಿಂತಿದ್ದ. ಅವ್ವ ಚಹಾದ ಕಪ್ಪು-ಬಸಿ ಎತ್ತಿಡುತ್ತಿದ್ದಳು.

“ಅವ್ವಾ,” ಎಂದ. “ಧೂಳ ಇದ್ರೂ ಹೊಡೀಬಾರದಿತ್ತು, ಹೌದಲ್ಲ?”

ಅವ್ವ ಕಪ್ಪು ಕೆಳಗಿಟ್ಟು ಬಂದು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು.

“ಹೊಡೀಬಾರದಿತ್ತಪ್ಪಾ.”

ಅವನು ಅಲ್ಲೇ ನೆಲದ ಮೇಲೆ ಕೂತು, ಮೂರು ವರ್ಷದ ಮಗುವಿನ ಹಾಗೆ ಬಾಯಿಬಿಟ್ಟು ಅತ್ತ.